ಕಾಳಿಯ ಕಲ್ಲು
ಬೆಂಗಳೂರಿನ ವಸ್ತುಸಂಗ್ರಹಾಲಯ ಮತ್ತು ಆತಕೂರಿನ ಶಾಸನ: ಒಬ್ಬ ವಿದ್ಯಾರ್ಥಿಯ ಚಿಂತನೆ

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ಕಸ್ತೂರಬಾ ರಸ್ತೆಗೆ ಮುಖಮಾಡಿ ನಿಂತಿರುವ ಕೆಂಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯವು ನಮ್ಮ ದೇಶದ ಹಳೆಯ ವಸ್ತುಸಂಗ್ರಹಾಲಯಗಳಲ್ಲೊಂದು. ಮದರಾಸಿನ ವಸ್ತುಸಂಗ್ರಹಾಲಯವನ್ನು 1851ರಲ್ಲಿ ಕಟ್ಟಿ ಬೆಳೆಸಿದ್ದ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯಾಧಿಕಾರಿಯ ಪ್ರಯತ್ನದಿಂದಲೂ, ಆಗ ಮೈಸೂರು ಸೀಮೆಯ ಆಡಳಿತವನ್ನು ನಡೆಸುತ್ತಿದ್ದ ಕಮಿಷನರ್ ಬೌರಿಂಗನ ಬೆಂಬಲದಿಂದಲೂ ಇದು 1865ರಲ್ಲಿ ಸ್ಥಾಪಿತವಾಯಿತು. ಮೊದಲು ದಂಡುಪ್ರದೇಶದ ಹಳೆಯ ಸೆರೆಮನೆಯ ಕಟ್ಟಡದಲ್ಲಿ ನೆಲೆಸಿದ್ದು, 1877ರಲ್ಲಿ ಈಗಿನ ಮಂದಿರಕ್ಕೆ ಬಂದಿತು. ಕಲ್ಲುಗಳೂ ಶಾಸನಗಳೂ ಸೆರೆಮನೆಯಲ್ಲಿ ತಮ್ಮ ಸಾರ್ವಜನಿಕ ಜೀವನವನ್ನು ಆರಂಭಿಸಿದವೆಂಬುದರಲ್ಲಿ ಏನೋ ಒಂದು ವಿನೋದವಿದೆ. ಆದರೆ ಆ ವಿನೋದವನ್ನು ನಾನು ಮುಂದುವರಿಸುವುದಿಲ್ಲ.

ಇಲ್ಲಿ ಹೊಯ್ಸಳರ ಸೂಕ್ಷ್ಮ ಕೆತ್ತನೆಯ ಮೂರ್ತಿಗಳುಂಟು, ನಾಣ್ಯಗಳುಂಟು, ಆಯುಧಗಳುಂಟು. ಸಾಮಾನ್ಯವಾಗಿ ಪ್ರೇಕ್ಷಕರ ಕಣ್ಣು ಸುಂದರವಾದ ಮೂರ್ತಿಗಳಲ್ಲಿ ನೆಟ್ಟು, ಅಕ್ಷರ ತುಂಬಿದ ಕಲ್ಲುಗಳನ್ನು ಹಾದುಹೋಗುತ್ತದೆ, ಅದು ಸಹಜವೇ. ಮೂರ್ತಿಯು ನೋಡಿದೊಡನೆ ತನ್ನನ್ನು ಒಪ್ಪಿಸಿಕೊಳ್ಳುತ್ತದೆ, ಶಾಸನವು ಓದಿಸಿಕೊಳ್ಳಬೇಕು, ಓದಿದ ಮೇಲೂ ಅರ್ಥವನ್ನು ತಡಮಾಡಿ ಕೊಡುತ್ತದೆ. ಆದರೂ ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಸಂಗ್ರಹದ ಶ್ರೇಷ್ಠವಸ್ತು ಯಾವುದೆಂದು ಯಾರಾದರೂ ಕೇಳಿದರೆ, ನಾನು ತೋರಿಸುವುದು ಯಾವ ದೇವತೆಯನ್ನೂ ಅಲ್ಲ, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಒಂದು ಕಲ್ಲನ್ನು. ಹತ್ತನೆಯ ಶತಮಾನದಲ್ಲಿ ಒಂದು ಬೇಟೆನಾಯಿಯ ನೆನಪಿಗಾಗಿ ನಿಲ್ಲಿಸಿದ ಕಲ್ಲನ್ನು.

ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. 949-50. ಪಂಪನ ಆದಿಪುರಾಣವು ರಚಿತವಾಗಿ ಇನ್ನೂ ಒಂದು ದಶಕವೂ ತುಂಬಿರಲಿಲ್ಲ. ಕಲ್ಲು ಮೊದಲು ಹೇಳುವುದು ಒಂದು ಯುದ್ಧದ ಮಾತನ್ನು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನೂ ಅವನ ಭಾವನಂಟನಾದ ಗಂಗವಂಶದ ಬೂತುಗನೂ ಕೂಡಿ ಚೋಳರ ಮೇಲೆ ದಂಡೆತ್ತಿ ಹೋಗಿ, ತಮಿಳುನಾಡಿನ ಅರಕ್ಕೋಣದ ಬಳಿಯ ತಕ್ಕೋಲವೆಂಬಲ್ಲಿ ಘೋರವಾದ ಯುದ್ಧವನ್ನು ಮಾಡಿದರು. ಚೋಳ ರಾಜಕುಮಾರ ರಾಜಾದಿತ್ಯನು ಆ ರಣದಲ್ಲಿ ಮಡಿದನು. ಆನೆಯ ಮೇಲೆಯೇ ಪ್ರಾಣಬಿಟ್ಟ ದೊರೆಯೆಂದು ಚೋಳರ ದಾಖಲೆಗಳೂ ಅವನನ್ನು ಸ್ಮರಿಸುತ್ತವೆ. ಅವನನ್ನು ಕೊಂದವನು ಬೂತುಗನೆಂದು ನಮ್ಮ ಕಲ್ಲು ಹೇಳುತ್ತದೆ. ಈ ಸೇವೆಗೆ ಪ್ರಸನ್ನನಾದ ಕೃಷ್ಣನು ಅವನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ಸೀಮೆಗಳನ್ನು ದಯಪಾಲಿಸಿದನು. ಉತ್ತರ ಕರ್ನಾಟಕದ ಒಂದು ದೊಡ್ಡ ಭಾಗವೇ ಕೈಬದಲಾಯಿತೆಂದು ತಿಳಿಯಬಹುದು.

ಆ ಯುದ್ಧದಲ್ಲಿ ಬೂತುಗನ ಪಕ್ಕದಲ್ಲಿ ನಿಂತು ಕಾದಿದವನು ಸಗರವಂಶದ ಮಣಲೆರನೆಂಬ ವೀರ. ಇವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗನು, ಬೇಕಾದುದನ್ನು ಬೇಡಿಕೊಳ್ಳೆಂದು ಹೇಳಿದಾಗ, ಊರುಗಳನ್ನಾಗಲಿ ಹೊನ್ನನ್ನಾಗಲಿ ಪದವಿಯನ್ನಾಗಲಿ ಬಯಸದೆ, ಒಡೆಯನ ಬಳಿಯಿದ್ದ ಕಾಳಿಯೆಂಬ ಬೇಟೆನಾಯಿಯನ್ನೇ ಮಣಲೆರನು ಕೇಳಿದನು, ಪಡೆದನು. ಸಾಮ್ರಾಜ್ಯದ ಭೂಪಟವು ಬದಲಾಗುತ್ತಿದ್ದ ಆ ಹೊತ್ತಿನಲ್ಲಿ, ಯಾರಿಗೆ ಯಾವ ನಾಡು ದಕ್ಕೀತೆಂದು ಸಾಮಂತರೆಲ್ಲ ಲೆಕ್ಕಹಾಕುತ್ತಿದ್ದಿರಬಹುದಾದ ಆ ಬೀಡಿನಲ್ಲಿ, ಒಬ್ಬ ಯೋಧನು ಒಂದು ನಾಯಿಯನ್ನು ಬೇಡಿದನೆಂಬ ಸಂಗತಿಯನ್ನು ಓದುವಾಗಲೆಲ್ಲ ನನಗೆ ಮಣಲೆರನ ಮೇಲೆ ವಿಶೇಷವಾದ ಪ್ರೀತಿಯುಂಟಾಗುತ್ತದೆ. ಹಾಗೆಂದು ಅವನು ವಿರಾಗಿಯೆಂದು ಭಾವಿಸಬೇಕಾದುದಿಲ್ಲ. ಬೂತುಗನು ಬಳಿಕ ಅವನಿಗೆ ಆತಕೂರು ಹನ್ನೆರಡೆಂಬ ಸೀಮೆಯನ್ನೂ ಬೆಳ್ವೊಲದ ಒಂದು ಊರನ್ನೂ ಕೊಟ್ಟನು, ಅವನೂ ಸ್ವೀಕರಿಸಿದನು.

ಕಾಳಿಯು ಹೊಸ ಒಡೆಯನ ಬಳಿ ಎಷ್ಟು ಕಾಲ ಬಾಳಿತೋ ಕಲ್ಲು ಹೇಳುವುದಿಲ್ಲ. ಕೆಳಲೆನಾಡಿನ ಬೆಳ್ತೂರಿನ ಪಡುವಣ ಗುಡ್ಡದಲ್ಲಿ ಒಂದು ಮಹಾವರಾಹದ ಮೇಲೆ ಅದನ್ನು ಬಿಡಲಾಗಿ, ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಒಡನೆ ಸತ್ತವು. ಆಗ ಆತಕೂರಿನ ಚಲ್ಲೇಶ್ವರ ದೇವರ ಮುಂದೆ ಈ ಕಲ್ಲನ್ನು ನೆಡಿಸಿ, ಅದರ ಪೂಜೆಗಾಗಿ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು.

ಕಲ್ಲಿನ ಶಿಲ್ಪವನ್ನು ಕುರಿತು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿ ಪರಿಚಯವುಳ್ಳವರು ಅವುಗಳ ಕ್ರಮವನ್ನು ಬಲ್ಲರು: ಕೆಳಗಿನ ಅಂಕಣದಲ್ಲಿ ಕಾಳಗ, ನಡುವಣದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಮೇಲಕ್ಕೊಯ್ಯುವುದು, ತುದಿಯಲ್ಲಿ ಶಿವಸಾನ್ನಿಧ್ಯ, ಕೆಳಗಿನ ನೋವಿಗೆ ಮೇಲಿನ ಸುಖವು ಉತ್ತರವೆಂಬಂತೆ. ಬೇಗೂರಿನಿಂದ ಇದೇ ಸಂಗ್ರಹಕ್ಕೆ ಬಂದಿರುವ, ಒಂಬತ್ತನೆಯ ಶತಮಾನದ ಕೊನೆಯ ಗಂಗರ ಕಲ್ಲಿನಲ್ಲಿಯಾದರೋ ಆನೆಗಳೂ ಕುದುರೆಗಳೂ ಬಿಲ್ಲಾಳುಗಳೂ ಸಂದಣಿಸಿ, ಯುದ್ಧವೆಂದರೆ ಹೀಗೆಂದು ಕಣ್ಣಿಗೆ ಕಟ್ಟುವಷ್ಟು ಸವಿಸ್ತರವಾದ ಚಿತ್ರಣವಿದೆ. ಆತಕೂರಿನ ಶಿಲ್ಪಿಯು ಇದಾವುದನ್ನೂ ಮಾಡಲಿಲ್ಲ. ಅಕ್ಷರಗಳ ನಡುವೆ ಬಿಟ್ಟುಕೊಂಡ ಎಡೆಯಲ್ಲಿ ಅವನು ಕಂಡರಿಸಿದುದು ಹಂದಿಯನ್ನು, ಅದಕ್ಕೆ ಎದುರುಬಿದ್ದ ನಾಯಿಯನ್ನು, ಇಷ್ಟನ್ನೇ. ಕಾಳಿಗೆ ವಿಮಾನವಿಲ್ಲ, ಚಾಮರವಿಲ್ಲ, ಅಪ್ಸರೆಯಿಲ್ಲ. ಮನುಷ್ಯವೀರನು ಸಾವಿರ ವರ್ಷಗಳಿಂದ ಸ್ವರ್ಗಕ್ಕೆ ಏರುತ್ತಲೇ ಇದ್ದಾನೆ. ನಾಯಿಯು ಸಾವಿರ ವರ್ಷಗಳಿಂದ ಹೋರಾಡುತ್ತಲೇ ಇದೆ. ಶಿಲ್ಪವಾಗಿ ನೋಡಿದರೆ, ಎರಡನೆಯದೇ ಪ್ರಬಲವೆಂದು ನನ್ನ ಅಭಿಪ್ರಾಯ. ವೀರಗಲ್ಲಿನ ಸ್ವರ್ಗವು ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯದು, ಅಭ್ಯಾಸದಿಂದ ಬಂದ ಕೈಗೆಲಸ; ಈ ಹಂದಿಯ ಮೈಭಾರವನ್ನಾದರೋ ಬೇಟೆಯನ್ನು ಬಲ್ಲವನೇ ಬಿಡಿಸಿರಬೇಕು.

ಕಲ್ಲನ್ನು ಓದುವವರಿಗೆ ಒಂದು ಮಾತು. ಹಳಗನ್ನಡ ಲಿಪಿಯ ಗೆರೆಗಳು ನೇರವಾಗಿ ಬಿದ್ದ ಬೆಳಕಿನಲ್ಲಿ ಮರೆಯಾಗಿ, ಪಕ್ಕದಿಂದ ಓರೆಯಾಗಿ ಬರುವ ಬೆಳಕಿನಲ್ಲಿ ಎದ್ದು ಕಾಣುತ್ತವೆ. ವಿದ್ವಾಂಸರು ಒದ್ದೆಯಾದ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು ಅಕ್ಷರಗಳ ಕುಳಿಗೆ ಇಳಿಸಿ, ಮೇಲೆ ಮಸಿಯನ್ನು ಒತ್ತಿ ಪಡಿಯಚ್ಚನ್ನು ತೆಗೆಯುತ್ತಾರೆ. ಕುಳಿ ಬಿಳಿದಾಗಿ, ಮೈ ಕಪ್ಪಾಗಿ ನಿಲ್ಲುತ್ತದೆ. ಬಿ. ಎಲ್. ರೈಸ್ ಮಹಾಶಯನು 1886ರಿಂದ ಪ್ರಕಟಿಸತೊಡಗಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳ ಹಿಂದೆ ಇಂತಹ ಕಾಗದಗಳ ರಾಶಿಯೇ ಇದೆ. ಆತಕೂರಿನ ಶಾಸನವನ್ನು ರೈಸನೂ ಶಾಸನತಜ್ಞ ಫ್ಲೀಟನೂ ಓದಿ ಪ್ರಕಟಿಸಿದ ಮೇಲೆ, ದಕ್ಷಿಣ ಭಾರತದ ಚರಿತ್ರೆಯನ್ನು ಬರೆದವರಾರೂ ಅದನ್ನು ಬಿಟ್ಟು ಮುಂದೆ ಹೋಗಲಾರದಾದರು.

ಆದರೆ ಅವರು ಅದನ್ನು ಉಪಯೋಗಿಸಿದ ರೀತಿಯೇ ನನ್ನನ್ನು ಚಿಂತೆಗೆ ಹಚ್ಚಿದೆ. ತರಗತಿಯಲ್ಲಿ ಈ ಕಲ್ಲು ತಕ್ಕೋಲದ ಯುದ್ಧಕ್ಕೆ ಆಧಾರ. ನಾಯಿಯ ಪ್ರಸ್ತಾಪವು ಪಾಠದ ನಡುವೆ ಮುಗುಳ್ನಗೆಗೆ ಒಂದು ಅವಕಾಶ. ಶಾಸನವು ಯುದ್ಧದ ಮಾತಿನಿಂದಲೇ ಆರಂಭವಾಗುತ್ತದೆ, ಆದುದರಿಂದ ಸಾಮಂತನು ತನ್ನ ಒಡೆಯರ ಜಯವನ್ನು ಸಾರುವುದಕ್ಕೆ ನಾಯಿಯನ್ನು ಒಂದು ನೆಪವಾಗಿ ಮಾಡಿಕೊಂಡನೆಂದು ನನ್ನ ಸಹಪಾಠಿಗಳಲ್ಲಿ ಕೆಲವರು ವಾದಿಸುವುದುಂಟು. ಆ ವಾದವನ್ನು ನಾನು ಒಪ್ಪಲಾರೆ. ಕೋಲಾರದ ಕಡೆಯಲ್ಲಿಯೂ ಬೇಟೆನಾಯಿಗಳಿಗೆ ಕಲ್ಲು ನಿಲ್ಲಿಸಿದುದುಂಟು. ಅಲ್ಲಿ ಯಾವ ಚಕ್ರವರ್ತಿಯ ದಿಗ್ವಿಜಯವನ್ನು ಹೇಳಬೇಕಾಗಿತ್ತು? ಒಬ್ಬನು ತನ್ನ ಪ್ರಿಯವಾದುದರ ಚರಿತ್ರೆಯನ್ನು ಹೇಳಹೊರಟಾಗ ಅದು ತನಗೆ ದೊರೆತ ಬಗೆಯನ್ನು ಮೊದಲು ಹೇಳುವುದು ಲೋಕರೂಢಿ. ಕಾಳಿಯು ದೊರೆತುದು ತಕ್ಕೋಲದಲ್ಲಿ. ಆದಕಾರಣ ತಕ್ಕೋಲವು ಈ ಕಲ್ಲಿಗೆ ಬಂದಿತು.

ಇನ್ನೂ ಸಂಶಯವುಳ್ಳವರು ಶಾಸನದ ಕಟ್ಟಳೆಯನ್ನು ನೋಡಬೇಕು. ದತ್ತಿಯ ಭೂಮಿಯನ್ನು ನೋಡಿಕೊಳ್ಳುವ ಗೊರವನು, ಎಂದರೆ ಶಿವನ ಪೂಜಾರಿಯು, ಈ ಕಲ್ಲನ್ನು ಪೂಜಿಸದೆ ಉಂಡನಾದರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಅಲ್ಲಿ ವಿಧಿಸಿದೆ. ಕಟ್ಟಳೆಯನ್ನು ಮಾಡಿದವನು ಮನುಷ್ಯಸ್ವಭಾವವನ್ನು ಬಲ್ಲವನು. ವರ್ಷಕ್ಕೊಮ್ಮೆಯ ಹಬ್ಬಕ್ಕೆ ಪೂಜೆಯನ್ನು ಗಂಟುಹಾಕದೆ, ಯಾರೂ ಮರೆಯಲಾರದ ಊಟದ ಹೊತ್ತಿಗೆ ಗಂಟುಹಾಕಿದನು. ದಾನದ ಭೂಮಿಯನ್ನು ಅಳಿದವರಿಗೆ ಶಾಪವಿಡುವುದು ಎಲ್ಲ ಶಾಸನಗಳಲ್ಲಿಯೂ ಉಂಟು. ಇಲ್ಲಿ ನಾಯಿಯನ್ನು ಮರೆತವನಿಗೂ ಪಾಪವನ್ನು ಹೇಳಿದೆ. ತಕ್ಕೋಲದ ಜಯವನ್ನು ಮರೆತವನಿಗೆ ಯಾವ ಪಾಪವನ್ನೂ ಹೇಳಿಲ್ಲ.