ಯಾರೂ ಕ್ಲಿಕ್ ಮಾಡದೆ ಹರಡುವ ಹುಳುಗಳು

"ನಾನೇನೂ ಒತ್ತಿಲ್ಲ ಸರ್, ಬೆಳಿಗ್ಗೆ ಬಂದು ಆನ್ ಮಾಡಿದಾಗಲೇ ಹೀಗಿತ್ತು." ಕೆಟ್ಟ ಕಂಪ್ಯೂಟರನ್ನು ರಿಪೇರಿಗೆ ತಂದವರು ಹೀಗೆ ಹೇಳಿದರೆ ಅಂಗಡಿಯವರು ಸಾಮಾನ್ಯವಾಗಿ ನಂಬುವುದಿಲ್ಲ. ಯಾವುದೋ ಲಿಂಕ್ ಒತ್ತಿರುತ್ತಾರೆ, ಏನೋ ಡೌನ್‌ಲೋಡ್ ಮಾಡಿರುತ್ತಾರೆ ಎಂದುಕೊಳ್ಳುತ್ತಾರೆ. ವರ್ಮ್ ಹೊಕ್ಕ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಆ ಮಾತು ಎಷ್ಟೋ ಸಲ ಅಕ್ಷರಶಃ ನಿಜ. ವೈರಸ್ ಬೇರೊಂದು ಫೈಲಿಗೆ ಅಂಟಿಕೊಂಡು, ಅದನ್ನು ಯಾರಾದರೂ ತೆರೆಯಲಿ ಎಂದು ಕಾಯುತ್ತದೆ. ವರ್ಮ್‌ಗೆ, ಅಂದರೆ ಕಂಪ್ಯೂಟರ್ ಹುಳುವಿಗೆ, ಆ ಆಸರೆ ಬೇಕಿಲ್ಲ. ಅದು ತಾನೇ ಒಂದು ಪೂರ್ಣ ಪ್ರೋಗ್ರಾಂ. ಒಂದು ಯಂತ್ರಕ್ಕೆ ಹೊಕ್ಕ ಕ್ಷಣದಿಂದ ಇನ್ನೊಂದು ಯಂತ್ರವನ್ನು ತಾನೇ ಹುಡುಕಲು ಹೊರಡುತ್ತದೆ.

ಹೇಗೆ ಹುಡುಕುತ್ತದೆ ಎನ್ನುವುದಕ್ಕೆ ವಾನಾಕ್ರೈಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. 2017ರ ಮೇ 12, ಶುಕ್ರವಾರ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕಂಪ್ಯೂಟರುಗಳು ಒಂದರ ಹಿಂದೊಂದು ಬೀಗ ಹಾಕಿಕೊಳ್ಳತೊಡಗಿದವು. ಫೈಲುಗಳು ಓದಲಾಗದಂತೆ ಗೂಢಲಿಪಿಗೆ ತಿರುಗಿದ್ದವು, ಬಿಡಿಸಿಕೊಡಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಡಿ ಎಂಬ ಬೇಡಿಕೆ ಪರದೆಯ ಮೇಲಿತ್ತು. ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು, ಆ್ಯಂಬುಲೆನ್ಸ್‌ಗಳನ್ನು ಬೇರೆ ಆಸ್ಪತ್ರೆಗಳಿಗೆ ಕಳಿಸಬೇಕಾಯಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ತಗುಲಿತು. ನಮ್ಮ ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಯಂತ್ರಗಳೂ ಕೇರಳದ ಕೆಲವು ಪಂಚಾಯಿತಿ ಕಚೇರಿಗಳೂ ಅದರಲ್ಲಿದ್ದವು.

ಮೊದಮೊದಲು ಎಲ್ಲರೂ ಇಮೇಲ್ ಮೇಲೆಯೇ ಸಂಶಯಪಟ್ಟರು. ಹಾಗೆ ಬಂದದ್ದಕ್ಕೆ ಪುರಾವೆ ಸಿಗಲಿಲ್ಲ. ಅದು ಬಂದ ದಾರಿ ಬೇರೆ. ಒಂದೇ ಕಚೇರಿಯ ಕಂಪ್ಯೂಟರುಗಳು ಫೈಲು, ಪ್ರಿಂಟರು ಹಂಚಿಕೊಳ್ಳಲು ವಿಂಡೋಸ್‌ನಲ್ಲಿ ಎಸ್‌ಎಂಬಿ ಎಂಬ ವ್ಯವಸ್ಥೆಯಿದೆ. ಇಂಥ ವಿನಂತಿಗಳಿಗಾಗಿ ಕಂಪ್ಯೂಟರು 445 ಎಂಬ ಸಂಖ್ಯೆಯ ಪೋರ್ಟ್‌ನಲ್ಲಿ ಸದಾ ಕಿವಿಗೊಟ್ಟು ಕೂತಿರುತ್ತದೆ. ಈ ವ್ಯವಸ್ಥೆಯ ಹಳೆಯ ಮೊದಲ ಆವೃತ್ತಿಯಲ್ಲಿ ಒಂದು ದೋಷವಿತ್ತು. ಬೇಕೆಂದೇ ತಪ್ಪಾಗಿ ರೂಪಿಸಿದ ವಿನಂತಿ ಬಂದರೆ ಅದಕ್ಕೆ ಎಷ್ಟು ಮೆಮೊರಿ ಬೇಕೆಂಬ ಲೆಕ್ಕದಲ್ಲಿ ವಿಂಡೋಸ್ ತಪ್ಪುತ್ತಿತ್ತು. ಹೆಚ್ಚಾದ ಭಾಗ ಪಕ್ಕದ ಮೆಮೊರಿಗೆ ಉಕ್ಕಿ ಹರಿಯುತ್ತಿತ್ತು, ಅದರೊಳಗೆ ಅಡಗಿಸಿಟ್ಟ ಆಜ್ಞೆಗಳನ್ನು ಯಂತ್ರ ತನ್ನದೇ ಎಂದುಕೊಂಡು ಪಾಲಿಸುತ್ತಿತ್ತು. ಅಡ್ಮಿನ್‌ಗಿಂತಲೂ ಹೆಚ್ಚಿನ ಅಧಿಕಾರ ಆ ಆಜ್ಞೆಗಳಿಗೆ ಸಿಗುತ್ತಿತ್ತು. ಪಾಸ್‌ವರ್ಡ್ ಕೇಳುವ ಪ್ರಶ್ನೆಯೇ ಇಲ್ಲ.

ಒಳಹೊಕ್ಕ ವಾನಾಕ್ರೈ ಏಕಕಾಲಕ್ಕೆ ಎರಡು ಕೆಲಸ ಹಚ್ಚಿಕೊಳ್ಳುತ್ತಿತ್ತು. ಒಂದು ಕಡೆ ಅದೇ ಕಚೇರಿಯ ನೆಟ್‌ವರ್ಕ್‌ನಲ್ಲಿರುವ ವಿಳಾಸಗಳನ್ನು ಸಾಲಾಗಿ ತಟ್ಟುವುದು, ಇನ್ನೊಂದು ಕಡೆ ಇಂಟರ್ನೆಟ್ಟಿನ ಯಾವುಯಾವುದೋ ವಿಳಾಸಗಳನ್ನು ಮನಬಂದಂತೆ ತಟ್ಟುವುದು. ಬೀದಿಯುದ್ದಕ್ಕೂ ಪ್ರತಿ ಮನೆಯ ಚಿಲಕ ಜಗ್ಗುತ್ತಾ ಹೋಗುವ ಕಳ್ಳನಿಗೆ ಆ ಮನೆ ಯಾರದೆಂದು ಗೊತ್ತಿರಬೇಕಿಲ್ಲ. "ನಮ್ಮ ಚಿಕ್ಕ ಆಫೀಸಿನಲ್ಲಿ ಏನಿದೆ ಅಂತ ಬರ್ತಾರೆ?" ಎನ್ನುವ ಸಮಾಧಾನ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ವರ್ಮ್ ಯಾರನ್ನೂ ಆರಿಸಿಕೊಂಡು ಬರುವುದಿಲ್ಲ.

ಅದರ ವೇಗವನ್ನೂ ನಾವು ಕಡಿಮೆ ಅಂದಾಜು ಮಾಡುತ್ತೇವೆ. 2003ರ ಜನವರಿ 25ರಂದು ಹೊರಬಿದ್ದ ಸ್ಲ್ಯಾಮರ್ ಎಂಬ ವರ್ಮ್‌ನ ಗಾತ್ರ 376 ಬೈಟ್. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು, ಅಂದರೆ ಅಷ್ಟು ಜಾಗದಲ್ಲಿ ಕನ್ನಡದ ಎರಡು ವಾಕ್ಯ ಬರೆಯುವುದೂ ಕಷ್ಟ. ಅಷ್ಟು ಪುಟ್ಟ ಹುಳು ಆರಂಭದಲ್ಲಿ ಸುಮಾರು ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತಾ, 10 ನಿಮಿಷದೊಳಗೆ ಜಗತ್ತಿನಲ್ಲಿ ಅದು ಬಳಸಿಕೊಂಡ ದೋಷವಿದ್ದ ಯಂತ್ರಗಳ ಪೈಕಿ ಸುಮಾರು ಶೇ. 90ರಷ್ಟನ್ನು ಮುಟ್ಟಿತ್ತು. ಆ್ಯಂಟಿವೈರಸ್ ಕಂಪನಿಯೊಂದು ಮಾದರಿ ಹಿಡಿದು, ಪರೀಕ್ಷಿಸಿ, ಮದ್ದು ಕಳಿಸುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆದ್ದರಿಂದ "ಆ್ಯಂಟಿವೈರಸ್ ಇದೆಯಲ್ಲ" ಎಂದು ಕೂರುವುದು ಸಾಲದು. ತಡೆ ಏನಿದ್ದರೂ ವರ್ಮ್ ಬರುವುದಕ್ಕೆ ಮೊದಲೇ ಸಿದ್ಧವಾಗಿರಬೇಕು.

ಆ ತಡೆ ಎರಡೂ ಸಲ ಲಭ್ಯವಿತ್ತು ಎನ್ನುವುದೇ ನೋವಿನ ಸಂಗತಿ. ಸ್ಲ್ಯಾಮರ್ ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಆರು ತಿಂಗಳು ಮೊದಲೇ, 2002ರ ಜುಲೈನಲ್ಲಿ, ಪ್ಯಾಚ್ ಕೊಟ್ಟಿತ್ತು. ವಾನಾಕ್ರೈ ಬಳಸಿದ ದೋಷವನ್ನು ಮುಚ್ಚುವ ಅಪ್‌ಡೇಟ್ 2017ರ ಮಾರ್ಚ್ 14ರಂದು ಬಂದಿತ್ತು, ದಾಳಿಗೆ ಎರಡು ತಿಂಗಳು ತುಂಬಲು ಎರಡು ದಿನ ಇರುವಂತೆ. ನಡುವೆ, ಏಪ್ರಿಲ್‌ನಲ್ಲಿ, ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಕಟ್ಟಿಟ್ಟುಕೊಂಡಿದ್ದ 'ಎಟರ್ನಲ್‌ಬ್ಲೂ' ಎಂಬ ಆಯುಧವನ್ನು ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು ಸೋರಿಕೆ ಮಾಡಿತು. ವಾನಾಕ್ರೈ ಸವಾರಿ ಮಾಡಿದ್ದು ಅದರ ಮೇಲೆ. ಪ್ಯಾಚ್ ಪ್ರಕಟವಾಯಿತೆಂದರೆ ತೂತು ಎಲ್ಲಿದೆಯೆಂದು ಕೆಡುಕರಿಗೂ ತಿಳಿಯಿತು ಎಂದೇ ಅರ್ಥ. ಅಂದಿನಿಂದ ನಮ್ಮ ಯಂತ್ರ ಅದನ್ನು ಹಾಕಿಸಿಕೊಳ್ಳುವವರೆಗಿನ ದಿನಗಳೇ ವರ್ಮ್‌ಗಳ ಸುಗ್ಗಿ. "ಆಮೇಲೆ ನೆನಪಿಸು" ಎಂಬ ಗುಂಡಿಯನ್ನು ವಾರಗಟ್ಟಲೆ ಒತ್ತುವವರು ಇದನ್ನು ದಯವಿಟ್ಟು ಗಮನಿಸಬೇಕು.

ಅಪ್‌ಡೇಟ್ ಬರುವುದನ್ನೇ ನಿಲ್ಲಿಸಿಟ್ಟ ನಕಲಿ ವಿಂಡೋಸ್ ಹಾಕಿಸಿಕೊಳ್ಳುವುದು ಉಳಿತಾಯವಲ್ಲ. ಡಿಟಿಪಿ ಕೇಂದ್ರ, ಸಹಕಾರ ಸಂಘ, ಶಾಲೆಯ ಲ್ಯಾಬು, ಎಲ್ಲೇ ಆಗಲಿ, ಅಂಥ ಒಂದು ಯಂತ್ರ ಇದ್ದರೂ ಉಳಿದವಕ್ಕೆ ಅಪಾಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುತ್ತಿರುವವರು ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಳ್ಳಬೇಕು, ಇಲ್ಲವೇ ಬೇರೆ ವ್ಯವಸ್ಥೆಗೆ ಹೋಗಬೇಕು. ಎಸ್‌ಎಂಬಿಯ ಮೊದಲ ಆವೃತ್ತಿ ಹಳೆಯ ಯಂತ್ರಗಳಲ್ಲಿ ಇನ್ನೂ ಚಾಲೂ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಅದರ ಗುರುತು ತೆಗೆದುಬಿಡಿ. ವಿಂಡೋಸ್‌ನ ಫೈರ್‌ವಾಲ್ ಆಫ್ ಮಾಡಬೇಡಿ. ಬಸ್ ನಿಲ್ದಾಣ, ಹೋಟೆಲುಗಳ ವೈಫೈಗೆ ಸೇರುವಾಗ ಅದು ಪಬ್ಲಿಕ್ ನೆಟ್‌ವರ್ಕ್ ಎಂದೇ ಗುರುತಿಸಿ.

ಇಷ್ಟು ಮಾಡಿದರೂ ಒಂದು ಸಂದಿ ಉಳಿಯುತ್ತದೆ. ವಾನಾಕ್ರೈ ಆದ ಮರುತಿಂಗಳು, ಜೂನ್ 27ರಂದು, ಉಕ್ರೇನಿನಲ್ಲಿ ಲೆಕ್ಕಪತ್ರದ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕವೇ ನಾಟ್‌ಪೆಟ್ಯಾ ಎಂಬ ವರ್ಮ್ ಹೊರಬಿತ್ತು. ಅದು ಎಟರ್ನಲ್‌ಬ್ಲೂ ಜೊತೆಗೆ ಇನ್ನೊಂದು ಉಪಾಯ ಹೂಡಿತ್ತು. ಹೊಕ್ಕ ಯಂತ್ರದ ಮೆಮೊರಿಯಲ್ಲಿ ಉಳಿದಿರುವ ಅಡ್ಮಿನ್ ಪಾಸ್‌ವರ್ಡ್ ಕದ್ದು, ಅದರಿಂದಲೇ ಪಕ್ಕದ ಯಂತ್ರಗಳಿಗೆ ಲಾಗಿನ್ ಆಗುತ್ತಿತ್ತು. ಪ್ಯಾಚ್ ಹಾಕಿದ್ದ ಯಂತ್ರವೂ ಬಿತ್ತು. ಡೆನ್ಮಾರ್ಕಿನ ಹಡಗು ಕಂಪನಿ ಮಾರ್ಸ್ಕ್ ತತ್ತರಿಸಿತು, ಅದೇ ಸಮೂಹ ನಡೆಸುವ ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನ ಟರ್ಮಿನಲ್ಲಿನಲ್ಲೂ ಕೆಲಸ ನಿಂತಿತು. ಕಚೇರಿಯ ಇಪ್ಪತ್ತೂ ಕಂಪ್ಯೂಟರಿಗೆ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಡುವ ಅಭ್ಯಾಸವನ್ನು ಬಿಡಬೇಕೆನ್ನುವುದು ಇದಕ್ಕೇ. ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆ ಸಾಕು.

ನಮ್ಮೂರುಗಳಲ್ಲಿ ಹುಳು ಹೆಚ್ಚು ಓಡಾಡುವುದು ಪೆನ್ ಡ್ರೈವ್‌ನಲ್ಲಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಮನೆಗೆ ಬಂದು ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಜನ ಇದನ್ನು 'ಶಾರ್ಟ್‌ಕಟ್ ವೈರಸ್' ಎನ್ನುತ್ತಾರೆ, ನಡತೆಯಲ್ಲಿ ಅದು ವರ್ಮ್. ನಿಮ್ಮ ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಅಲ್ಲಿಡುತ್ತದೆ. ನೀವು ಕ್ಲಿಕ್ ಮಾಡಿದಾಗ ಮೊದಲು ತಾನು ಓಡಿ, ಆಮೇಲೆ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಎಲ್ಲ ಸರಿಯಿದೆ ಎನಿಸುತ್ತದೆ. ಅಷ್ಟರಲ್ಲಿ ಅದು ನಿಮ್ಮ ಯಂತ್ರದಲ್ಲಿ ನೆಲೆಯೂರಿ, ಮುಂದೆ ಚುಚ್ಚುವ ಪ್ರತಿ ಪೆನ್ ಡ್ರೈವ್‌ಗೂ ತನ್ನ ಪ್ರತಿ ಬರೆಯಲು ಕಾದು ಕೂತಿರುತ್ತದೆ. ಇಲ್ಲಿ ಕ್ಲಿಕ್ ನಿಮ್ಮದೇ, ಆದರೆ ಒತ್ತಿದ್ದು ನಿಮ್ಮದೇ ಫೋಲ್ಡರಿನ ಹೆಸರನ್ನು. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ. ಫೈಲುಗಳು ಅಲ್ಲೇ ಇರುತ್ತವೆ, ಅಡಗಿದ ಮತ್ತು ಸಿಸ್ಟಂ ಫೈಲುಗಳನ್ನು ತೋರಿಸುವ ಆಯ್ಕೆ ಒತ್ತಿದರೆ ಕಾಣುತ್ತವೆ. ಮೊದಲು ಯಂತ್ರ ಸ್ವಚ್ಛವಾಗಬೇಕು, ಆಮೇಲೆ ಡ್ರೈವ್. ತಿರುಗುಮುರುಗಾದರೆ ಮತ್ತೆ ಅಂಟುತ್ತದೆ. ಪ್ರಿಂಟಿಗೆ ಹೋಗುವಾಗ ಬೇಕಾದ ಒಂದೇ ಪಿಡಿಎಫ್ ಇರುವ ಬೇರೆ ಪೆನ್ ಡ್ರೈವ್ ಒಯ್ಯಿರಿ, ಊರಿನ ದಾಖಲೆಯನ್ನೆಲ್ಲ ತುಂಬಿಕೊಂಡದ್ದನ್ನಲ್ಲ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಸ್ವಚ್ಛಗೊಳಿಸುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ.

ಕಂಪ್ಯೂಟರೆಂದು ನಾವು ಎಣಿಸದ ವಸ್ತುಗಳೂ ಇವೆ. 2016ರಲ್ಲಿ ಮಿರಾಯ್ ಎಂಬ ವರ್ಮ್ ಸಿಸಿಟಿವಿ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ಲಕ್ಷಗಟ್ಟಲೆ ಹಿಡಿಯಿತು. ಅದರ ಬಳಿ ಇದ್ದದ್ದು ಕಾರ್ಖಾನೆಯಲ್ಲೇ ಇಟ್ಟ ಅರವತ್ತು ಚಿಲ್ಲರೆ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಮರುವರ್ಷ ಜುಲೈನಲ್ಲಿ ಕರ್ನಾಟಕದಲ್ಲೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಇದೇ ಬಗೆಯ ದುರ್ಬಲತೆಯಿಂದ ಕುತಂತ್ರಾಂಶಕ್ಕೆ ಸಿಕ್ಕಿದಾಗ, ಮೋಡೆಮ್ ಪಾಸ್‌ವರ್ಡ್ ಬದಲಿಸಿ ಎಂದು ಗ್ರಾಹಕರಿಗೆ ಹೇಳಬೇಕಾಯಿತು. ವೈಫೈ ಪಾಸ್‌ವರ್ಡ್ ಬೇರೆ, ರೂಟರಿನ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಬೇರೆ. ಬಹುತೇಕರು ಎರಡನೆಯದನ್ನು ಮುಟ್ಟಿಯೇ ಇರುವುದಿಲ್ಲ. ಇವತ್ತೇ ಬದಲಿಸಿ, ಹೊರಗಿನಿಂದ ನಿಯಂತ್ರಿಸುವ ರಿಮೋಟ್ ಆಯ್ಕೆ ಬೇಡವಾದರೆ ನಿಲ್ಲಿಸಿ. ಅಂಗಡಿಯ ಕ್ಯಾಮೆರಾಗಳನ್ನು ಬಿಲ್ಲಿಂಗ್ ಕಂಪ್ಯೂಟರ್ ಇರುವ ನೆಟ್‌ವರ್ಕ್‌ಗೆ ಸೇರಿಸದೆ ಬೇರೆಯಾಗಿಡುವುದು ಒಳ್ಳೆಯದು.

ಬ್ಯಾಕಪ್ ಬಗ್ಗೆ ಒಂದೇ ಮಾತು: ಸದಾ ಸಿಕ್ಕಿಸಿಯೇ ಇಟ್ಟ ಹಾರ್ಡ್ ಡಿಸ್ಕ್ ಬ್ಯಾಕಪ್ ಅಲ್ಲ, ಕಂಪ್ಯೂಟರಿನ ಜೊತೆಗೆ ಅದೂ ಗೂಢಲಿಪಿಗೆ ತಿರುಗುತ್ತದೆ. ಪ್ರತಿ ತೆಗೆದ ಮೇಲೆ ಕಳಚಿ ಬೀರುವಿನಲ್ಲಿಡಿ.

ತಗುಲಿತೆಂದು ಗೊತ್ತಾದ ಕೂಡಲೇ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ಉಳಿದವರನ್ನೂ ಎಚ್ಚರಿಸಿ. ಬ್ಯಾಕಪ್ ಡಿಸ್ಕನ್ನು ಆ ಯಂತ್ರಕ್ಕೆ ಸಿಕ್ಕಿಸಬೇಡಿ. ಪಾಸ್‌ವರ್ಡುಗಳನ್ನು ಸ್ವಚ್ಛವಾದ ಬೇರೆ ಯಂತ್ರದಿಂದ ಬದಲಿಸಿ. ಕಚೇರಿ, ಕಂಪನಿಗಳಾದರೆ ವಿಷಯ ತಿಳಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ ನಿಯಮ 2022ರಿಂದ ಇದೆ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಅದನ್ನು ನೇರವಾಗಿ ಕಚೇರಿಯ ನೆಟ್‌ವರ್ಕ್‌ಗೆ ಸೇರಿಸಬೇಡಿ. ಫೈರ್‌ವಾಲ್ ಹಾಕಿಟ್ಟು, ಮೊಬೈಲ್ ಹಾಟ್‌ಸ್ಪಾಟ್‌ನಂಥ ಬೇರೆ ಸಂಪರ್ಕದಲ್ಲಿ ಅಪ್‌ಡೇಟುಗಳೆಲ್ಲ ಮುಗಿಯುವವರೆಗೆ ಕಾಯಿರಿ. ಪಕ್ಕದ ಮೇಜಿನಲ್ಲಿ ಸೋಂಕು ಉಳಿದ ಯಂತ್ರ ಒಂದಿದ್ದರೂ, ಪ್ಯಾಚ್ ಇಲ್ಲದ ಹೊಸ ವಿಂಡೋಸ್ ನಿಮಿಷಗಳಲ್ಲಿ ಮತ್ತೆ ಅದಕ್ಕೆ ಸಿಕ್ಕೀತು.