ಗದ್ದೆಯಲ್ಲಿ ಹಬ್ಬ, ಹೊಟ್ಟೆಪಾಡು ಪರವೂರಲ್ಲಿ

ಹಾವೇರಿ ಸೀಮೆಯ ಜಾತ್ರೆಗಳಿಗೆ ಕುಸ್ತಿಯ ಕಣ ಹೇಗೋ, ಕೊಡಗಿನ ಬೇಸಿಗೆಗೆ ಹಾಕಿ ಮೈದಾನ ಹಾಗೆ. ಕಾಫಿ ಕೊಯ್ಲು ಮುಗಿದಿರುತ್ತದೆ, ಮಳೆಗೆ ಇನ್ನೂ ಸಮಯವಿರುತ್ತದೆ, ಬೆಂಗಳೂರು ಸೇರಿದವರು ರಜೆ ಹಾಕಿ ಊರಿಗೆ ಬಂದಿರುತ್ತಾರೆ. ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ತಂಡವೆಂದರೆ ಒಕ್ಕ, ಅಂದರೆ ಒಂದೇ ಮನೆತನದವರು. ನರೆತ ತಲೆಯ ಅಜ್ಜ, ಕಾಲೇಜು ಹುಡುಗಿ, ಹೈಸ್ಕೂಲು ಪೋರ ಎಲ್ಲರೂ ಒಂದೇ ಬಣ್ಣದ ಜೆರ್ಸಿಯಲ್ಲಿ ಓಡುತ್ತಾರೆ. ಓಡಲಾರದವರು ಗೆರೆಯಾಚೆ ನಿಂತು ಕೂಗುತ್ತಾರೆ, ಆಡುವವರಿಗಿಂತ ಜೋರಾಗಿ!

ಇದನ್ನು ಹುಟ್ಟುಹಾಕಿದವರು ಪಾಂಡಂಡ ಕುಟ್ಟಪ್ಪ. ದೂರ ದೂರವಾಗುತ್ತಿದ್ದ ಮನೆತನಗಳನ್ನು ಒಂದೆಡೆ ಸೇರಿಸಬೇಕೆಂದು 1997ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಕಪ್ ನಡೆಸಿದರು. ಆಗ ಬಂದದ್ದು 60 ಒಕ್ಕಗಳು. ಪ್ರತಿ ವರ್ಷ ಒಂದೊಂದು ಮನೆತನ ಯಜಮಾನಿಕೆ ಹೊರುತ್ತದೆ, ಕಪ್ಪಿಗೂ ಅದರದೇ ಹೆಸರು. 2018ರ ಕುಲ್ಲೇಟಿರ ಕಪ್ ಆದಮೇಲೆ ಪ್ರಕೃತಿ ವಿಕೋಪ, ಕೋವಿಡ್ ಎಂದು ಕೆಲವು ವರ್ಷ ಹಬ್ಬವೇ ನಿಂತಿತು. ಮತ್ತೆ ಶುರುವಾದ ಮೇಲೆ, 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು.

ಆದರೆ ಹಬ್ಬ ಬೇರೆ, ಬದುಕು ಬೇರೆ.

ಅಮೆರಿಕದಲ್ಲಿ ಐಸ್ ಹಾಕಿ ಆಡುವ ಹುಡುಗ ಕಾಲೇಜು ತಂಡದಿಂದ ನೇರ ವೃತ್ತಿಪರ ಲೀಗಿಗೆ ಹೋಗಬಲ್ಲ. ಕೊಡಗಿನ ಹುಡುಗನ ದಾರಿ ಅಷ್ಟು ನೇರವಲ್ಲ. ಮಡಿಕೇರಿಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರ, ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲ್, ಹೀಗೆ ಎಲ್ಲೋ ಒಂದು ಕಡೆ ಸೀಟು ಸಿಗಬೇಕು. ಆಮೇಲೆ ಬೆಂಗಳೂರು. ಕಾಲೇಜಿನ ಆಟ ಇಲ್ಲಿ ಹೆಚ್ಚಾಗಿ ನೆರವಾಗುವುದು ಕ್ರೀಡಾ ಕೋಟಾದ ಸೀಟಿಗೆ. ಅನ್ನ ಕೊಡುವುದು ಸೇನೆ, ರೈಲ್ವೆ, ಬ್ಯಾಂಕು, ತೈಲ ಕಂಪನಿ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್ ಸೇನೆಯಲ್ಲಿ ಬೆಳೆದ ಆಟಗಾರ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಎಂ.ಎಂ. ಸೋಮಯ್ಯ ಭಾರತ್ ಪೆಟ್ರೋಲಿಯಂ ಉದ್ಯೋಗಿಯಾಗಿದ್ದರು.

ನೆಲದ ತೊಡಕು ಇನ್ನೊಂದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಹಾಕಿ ಕೃತಕ ಹುಲ್ಲಿಗೆ ಹೋಯಿತು. ಮಣ್ಣಿನ ಮೈದಾನದಲ್ಲಿ ಚೆಂಡು ಎತ್ತ ಪುಟಿಯುತ್ತದೋ ಹೇಳಲಾಗದು, ಹಾಗಾಗಿ ಅಲ್ಲಿ ಬೇಕಾದದ್ದು ಮಣಿಕಟ್ಟಿನ ಚಳಕ. ಟರ್ಫ್ ಮೇಲೆ ಚೆಂಡು ಗೆರೆ ಎಳೆದಂತೆ ಸಾಗುತ್ತದೆ, ಅಲ್ಲಿ ಗೆಲ್ಲುವುದು ಓಟ ಮತ್ತು ದಮ್ಮು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಾಲ್ಯದಲ್ಲಿ ಬಿದಿರಿನ ಕೋಲು ಹಿಡಿದು ಆಡಿದವರು. ಮುಂದೆ ಅದೇ ಟರ್ಫ್ ಮೇಲೆ ಭಾರತದ ಅತಿ ವೇಗದ ಮುಂಚೂಣಿ ಆಟಗಾರರಲ್ಲಿ ಒಬ್ಬರೆನಿಸಿದರು, 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು. ಸುನಿಲ್ ಕೊಡವ ಒಕ್ಕದವರಲ್ಲ ಎಂಬುದನ್ನೂ ಹೇಳಬೇಕು. ಕೊಡಗಿನ ಹಾಕಿ ಎಂದರೆ ಕೊಡವರ ಹಾಕಿ ಮಾತ್ರ ಎಂದುಕೊಳ್ಳುವವರು ಬಹಳ.

ಆಟವೇ ಉದ್ಯೋಗವಾಗುವ ಆಸೆ ಮೊದಲು ಚಿಗುರಿದ್ದು 2005ರ ಪ್ರೀಮಿಯರ್ ಹಾಕಿ ಲೀಗ್‌ನಲ್ಲಿ. ಬೆಂಗಳೂರು ಲಯನ್ಸ್ ಎಂಬ ತಂಡವಿತ್ತು, ಅರ್ಜುನ್ ಹಾಲಪ್ಪನಂಥ ಕೊಡಗಿನ ಆಟಗಾರರಿದ್ದರು. 2008ಕ್ಕೆ ಆ ಲೀಗ್ ಮುಗಿಯಿತು. 2012ರ ವರ್ಲ್ಡ್ ಸೀರೀಸ್ ಹಾಕಿಯ ಕರ್ನಾಟಕ ಲಯನ್ಸ್ ಒಂದೇ ಋತುವಿಗೆ ಕಣ್ಮರೆ. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂದಾಗ ಕೊಡಗಿನ ವಿ.ಆರ್. ರಘುನಾಥ್ 76,000 ಡಾಲರಿಗೆ ಹರಾಜಾದರು, ಆದರೆ ಉತ್ತರ ಪ್ರದೇಶದ ತಂಡಕ್ಕೆ. ಸುನಿಲ್ ಪಂಜಾಬಿನ ಪಾಲಾದರು. ತವರಿನ ಹೆಸರಿನ ತಂಡವೇ ಅಲ್ಲಿರಲಿಲ್ಲ.

2017ರ ನಂತರ ನಿಂತಿದ್ದ ಆ ಲೀಗ್ 2024ರ ಡಿಸೆಂಬರಿನಲ್ಲಿ ಮತ್ತೆ ಕಣ್ಣು ಬಿಟ್ಟಿತು. ಪುರುಷರದೇ ಎಂಟು ತಂಡಗಳು, ಕರ್ನಾಟಕದ್ದು ಆ ಸಲವೂ ಇರಲಿಲ್ಲ. ಅದು ಮುಗಿದು ಎರಡು ತಿಂಗಳೊಳಗೆ ಮಡಿಕೇರಿಯಲ್ಲಿ ಮುದ್ದಂಡ ಕಪ್ ಶುರುವಾಯಿತು. ಹೆಸರು ಕೊಟ್ಟ ಒಕ್ಕಗಳು 396.