ಸತ್ತ ಸಿಲಿಂಡರ್ ಯಾವುದು? ಔಟ್‌ಬೋರ್ಡ್ ಎಂಜಿನ್‌ನ ಮಿಸ್‌ಫೈರ್ ಹುಡುಕೋದು ಹೇಗೆ

ಜುಲೈ ರಜೆಯಲ್ಲಿ ನಾವು ಮೂರು ಜನ ಗಂಗೊಳ್ಳಿಗೆ ಹೋಗಿದ್ವಿ. ಇಬ್ಬರು ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್. ಎಲೆಕ್ಟ್ರಾನಿಕ್ಸ್ ಗೆಳೆಯನ ಊರೇ ಅದು. ಮೀನೂಟ ಮಾಡೋದು, ಮಳೆ ನೋಡೋದು, ಇಷ್ಟೇ ಪ್ಲಾನ್ ಇದ್ದಿದ್ದು. ಆದರೆ ಅವನ ಚಿಕ್ಕಪ್ಪನ ನಾಡದೋಣಿ ಎರಡು ದಿನದಿಂದ ದಡದಲ್ಲೇ ನಿಂತಿತ್ತು. ಎಂಜಿನ್ ಸ್ಟಾರ್ಟ್ ಆಗುತ್ತೆ, ಆದರೆ ನಡುಗುತ್ತೆ, ಎಳೆಯೋದಿಲ್ಲ.

ಇದು ಯಾಕೆ ದೊಡ್ಡ ವಿಷಯ ಅಂತ ಮೊದಲು ಹೇಳ್ತೀವಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ. ಆ ಸಮಯದಲ್ಲಿ ಕಡಲಿಗೆ ಇಳಿಯೋದು ನಾಡದೋಣಿಗಳು, ಅದೂ 10 ಎಚ್‌ಪಿ ಒಳಗಿನ ಎಂಜಿನ್ ಇಟ್ಟುಕೊಂಡು. ಅಂದರೆ ಅವರಿಗೆ ವರ್ಷದ ಮುಖ್ಯ ದುಡಿಮೆ ಮಳೆಗಾಲದ್ದೇ. ಕಡಲಿಗೆ ಹೋಗಲು ಅಳಿವೆ ದಾಟಬೇಕು. ನದಿ ನೀರು ಹೊರಗೆ ನುಗ್ಗುತ್ತೆ, ಕಡಲಿನ ಅಲೆ ಒಳಗೆ ನುಗ್ಗುತ್ತೆ. ಅಲ್ಲಿ ಎಂಜಿನ್ ಕೈಕೊಟ್ಟರೆ ದೋಣಿ ಅಲೆಗೆ ಅಡ್ಡ ತಿರುಗುತ್ತೆ, ಆಮೇಲೆ ಮಗುಚೋಕೆ ಒಂದೇ ಅಲೆ ಸಾಕು.

ಚಿಕ್ಕಪ್ಪನದು 9.9 ಎಚ್‌ಪಿ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸೋದು. ಟೂ-ಸ್ಟ್ರೋಕ್‌ನಲ್ಲಿ ಪ್ರತಿ ಸಿಲಿಂಡರ್ ಒಂದು ಸುತ್ತಿಗೆ ಒಂದು ಸಲ ಉರಿಯಬೇಕು. ಎರಡರಲ್ಲಿ ಒಂದು ಸತ್ತರೆ ಶಕ್ತಿ ಅರ್ಧ ಅಲ್ಲ, ಅರ್ಧಕ್ಕಿಂತಲೂ ಕಡಿಮೆ. ಯಾಕಂದ್ರೆ ಬದುಕಿರೋ ಸಿಲಿಂಡರ್ ಸತ್ತಿರೋ ಪಿಸ್ಟನ್ನನ್ನೂ ಹೊತ್ತುಕೊಂಡು ತಿರುಗಬೇಕು.

ಚಿಕ್ಕಪ್ಪ ಆಗಲೇ ಪ್ಲಗ್ ಬದಲಿಸಿದ್ದರು. ಸಿಡಿಐ ಬಾಕ್ಸ್ ಹೋಗಿದೆ, ಹೊಸದು ಹಾಕ್ಸಿ ಅಂತ ಯಾರೋ ಹೇಳಿದ್ದರಂತೆ. ಅದು ದುಬಾರಿ. ನಮಗೋ, ಆಗ ತಾನೇ ಓದಿದ ಕಾರ್ಬ್ಯುರೇಟರ್ ಬಿಚ್ಚೋ ಆಸೆ. ಈಗ ಯೋಚಿಸಿದರೆ ಎರಡೂ ಒಂದೇ ತಪ್ಪು. ಯಾವ ಸಿಲಿಂಡರ್ ಸತ್ತಿದೆ ಅಂತ ಗೊತ್ತಾಗೋ ಮುಂಚೆಯೇ ಯಾಕೆ ಸತ್ತಿತು ಅಂತ ತೀರ್ಮಾನ ಮಾಡೋದು.

ಮೊದಲ ಹೆಜ್ಜೆ: ಯಾವುದು?

ಔಟ್‌ಬೋರ್ಡನ್ನು ಒಣಗೆ ಓಡಿಸಬಾರದು. ಅದರ ನೀರಿನ ಪಂಪಿನೊಳಗೆ ರಬ್ಬರ್ ಚಕ್ರ ಇರುತ್ತೆ, ನೀರಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿಗೇ ಸುಟ್ಟುಹೋಗುತ್ತೆ. ಅದಕ್ಕೆ ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಪ್ರೊಪೆಲರ್ ಬಿಚ್ಚಿಟ್ಟು, ಎಂಜಿನ್ನನ್ನು ಅದರೊಳಗೆ ನಿಲ್ಲಿಸಿದ್ವಿ.

ಆಮೇಲೆ ಎಂಜಿನ್ ಆಫ್ ಇರುವಾಗ ಮೇಲಿನ ಸಿಲಿಂಡರಿನ ಪ್ಲಗ್ ವೈರ್ ತೆಗೆದು ಎಂಜಿನ್ ಬಾಡಿಗೆ ಗಟ್ಟಿಯಾಗಿ ಅರ್ತ್ ಮಾಡಿದ್ವಿ. ವೈರ್ ಸುಮ್ಮನೆ ತೂಗಾಡೋಕೆ ಬಿಡಬೇಡಿ. ವೋಲ್ಟೇಜಿಗೆ ಹೋಗಲು ದಾರಿ ಇಲ್ಲದಿದ್ದರೆ ಕಾಯಿಲ್ ಅಥವಾ ಸಿಡಿಐ ಸುಡಬಹುದು. ಕೈಯಲ್ಲಂತೂ ಹಿಡಿಯಲೇಬೇಡಿ, ಅಲ್ಲಿರೋದು ಸಾವಿರಾರು ವೋಲ್ಟ್. ಹಗ್ಗ ಎಳೆದ್ವಿ, ಸ್ಟಾರ್ಟ್ ಆಗಲೇ ಇಲ್ಲ. ಮೇಲಿನದನ್ನು ಮತ್ತೆ ಜೋಡಿಸಿ ಕೆಳಗಿನದನ್ನು ಅರ್ತ್ ಮಾಡಿದ್ವಿ. ಮೊದಲಿನ ಹಾಗೇ ನಡುಗುತ್ತಾ ಓಡಿತು! ಅಂದರೆ ಕೆಳಗಿನದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸತ್ತಿರೋದು ಅದೇ.

ಎರಡನೇ ಹೆಜ್ಜೆ: ಇಬ್ಬರಿಗೂ ಸೇರಿದ್ದು ಯಾವುದು, ಒಬ್ಬರದ್ದೇ ಯಾವುದು?

ಹಾಸ್ಟೆಲಿನಲ್ಲಿ ಇಡೀ ಫ್ಲೋರ್‌ಗೆ ಕರೆಂಟ್ ಇಲ್ಲದಿದ್ದರೆ ಮೇನ್ ನೋಡ್ತೀವಿ, ಒಂದೇ ರೂಮಿಗೆ ಇಲ್ಲದಿದ್ದರೆ ಆ ರೂಮಿನ ವೈರಿಂಗ್ ನೋಡ್ತೀವಿ ಅಲ್ವಾ? ಇಲ್ಲೂ ಹಾಗೇ. ಈ ಎಂಜಿನ್‌ನಲ್ಲಿ ಟ್ಯಾಂಕ್, ಇಂಧನದ ಪೈಪ್, ಫ್ಯುಯೆಲ್ ಪಂಪ್, ಕಾರ್ಬ್ಯುರೇಟರ್ ಎರಡೂ ಸಿಲಿಂಡರಿಗೆ ಸೇರಿದ್ದು. ಅದರಲ್ಲಿ ದೋಷ ಇದ್ದರೆ ಎರಡೂ ಒದ್ದಾಡಬೇಕು. ಹಾಗಾಗಿ ನಮ್ಮ ಕಾರ್ಬ್ಯುರೇಟರ್ ಆಸೆ ಅಲ್ಲಿಗೇ ಮುಗೀತು. ಪ್ಲಗ್, ಪ್ಲಗ್ ಕ್ಯಾಪ್, ವೈರ್, ಕಾಯಿಲ್, ಪಿಸ್ಟನ್, ರಿಂಗ್, ರೀಡ್ ವಾಲ್ವ್ ಮಾತ್ರ ಆಯಾ ಸಿಲಿಂಡರಿನವು. ಅನುಮಾನದ ಪಟ್ಟಿ ಒಂದೇ ಸಲಕ್ಕೆ ಅರ್ಧ ಆಯ್ತು.

ಎರಡೂ ಒದ್ದಾಡ್ತಿದ್ದರೆ ಮಾತ್ರ ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ. ಪೈಪಿನ ಮಧ್ಯದ ರಬ್ಬರ್ ಬಲ್ಬ್ ಒತ್ತಿದಾಗ ಎಂಜಿನ್ ಸರಿಯಾಗಿ ಓಡಿದರೆ ಪಂಪಿನಲ್ಲೋ ಪೈಪಿನಲ್ಲೋ ತೊಂದರೆ ಇದೆ ಅಂತ ಅರ್ಥ. ಸ್ವಲ್ಪ ಇಂಧನವನ್ನು ಗಾಜಿನ ಬಾಟಲಿಗೆ ಹಾಕಿ ಹತ್ತು ನಿಮಿಷ ಬಿಡಿ. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತೆ, ಕಡಲ ಗಾಳಿಯಲ್ಲಿ ತಿಂಗಳುಗಟ್ಟಲೆ ಇಡಬಾರದು.

ಮೂರನೇ ಹೆಜ್ಜೆ: ಪ್ಲಗ್ ಏನು ಹೇಳುತ್ತೆ?

ಎರಡೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದ್ವಿ. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಒಣ ಮಸಿ ಇದ್ದರೆ ಇಂಧನ ಜಾಸ್ತಿ, ಗಾಳಿ ಕಡಿಮೆ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ವಿಪರೀತ ಬಿಸಿ. ಒಂದು ಪ್ಲಗ್ ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೂಲಕ ನೀರು ಒಳಗೆ ಬರ್ತಿರಬಹುದು. ನಮ್ಮ ಕೆಳಗಿನ ಪ್ಲಗ್ ಕಪ್ಪಗೆ, ಎಣ್ಣೆಯಲ್ಲಿ ಅದ್ದಿದ ಹಾಗೆ ಒದ್ದೆಯಾಗಿತ್ತು. ಅಂದರೆ ಇಂಧನ ಬರ್ತಿದೆ, ಉರೀತಿಲ್ಲ. ಕಿಡಿ ಇಲ್ಲ, ಇಲ್ಲವೇ ಕಂಪ್ರೆಷನ್ ಇಲ್ಲ.

ಕಂಪ್ರೆಷನ್ ನೋಡೋಕೆ ಊರಿನ ಗ್ಯಾರೇಜಿನಿಂದ ಗೇಜ್ ತಂದ್ವಿ. ಎರಡೂ ಪ್ಲಗ್ ಹೊರಗೆ, ಎರಡೂ ವೈರ್ ಅರ್ತ್, ಥ್ರಾಟಲ್ ಪೂರ್ತಿ ತೆರೆದು ಮುಳ್ಳು ನಿಲ್ಲುವವರೆಗೆ ಹಗ್ಗ ಎಳೆಯಬೇಕು. ಇಲ್ಲಿ ಅಂಕಿಗಿಂತ ಎರಡರ ನಡುವಿನ ವ್ಯತ್ಯಾಸ ಮುಖ್ಯ. 10ರಿಂದ 15 ಶೇಕಡಕ್ಕಿಂತ ಜಾಸ್ತಿ ಇದ್ದರೆ ರಿಂಗ್ ಅಥವಾ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ನಮ್ಮದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಇನ್ನು ಉಳಿದಿದ್ದು ಕಿಡಿ.

ನಾಲ್ಕನೇ ಹೆಜ್ಜೆ: ಅದಲು ಬದಲು

ಹೊಸ ಪಾರ್ಟ್ ಕೊಳ್ಳೋ ಮೊದಲು ಇರೋದನ್ನೇ ಅದಲು ಬದಲು ಮಾಡಿ, ಒಂದು ಸಲಕ್ಕೆ ಒಂದೇ. ಪ್ಲಗ್‌ಗಳನ್ನು ಒರೆಸಿ ಅದಲು ಬದಲು ಮಾಡಿದ್ವಿ, ಆದರೂ ಕೆಳಗಿನದೇ ಸತ್ತಿತ್ತು. ಹಾಗಾದರೆ ಪ್ಲಗ್ ನಿರಪರಾಧಿ. ಮುಂದೆ ಕಾಯಿಲ್ ಅಂತ ನಾವು ಸ್ಪ್ಯಾನರ್ ಹಿಡಿದಾಗ ಚಿಕ್ಕಪ್ಪ, "ಮಳಿ ಬಂದ್ ದಿನ ರಗಳೆ ಜಾಸ್ತಿ, ಮಕ್ಳೆ" ಅಂದರು. ಇದನ್ನು ಅವರು ಬೆಳಗ್ಗೆಯೇ ಒಂದು ಸಲ ಹೇಳಿದ್ದರು. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ.

ತೇವ ಇದ್ದಾಗ ಜಾಸ್ತಿ ಆಗೋ ದೋಷ ಅಂದರೆ ವೋಲ್ಟೇಜ್ ಎಲ್ಲೋ ಸೋರ್ತಿದೆ. ಸಂಜೆ ಕತ್ತಲಾಗೋವರೆಗೆ ಕಾದು, ಎಂಜಿನ್ ಓಡಿಸಿ ಮುಟ್ಟದೆ ನೋಡಿದ್ವಿ. ಕೆಳಗಿನ ಪ್ಲಗ್ ಕ್ಯಾಪಿನ ಬುಡದಿಂದ ಎಂಜಿನ್ ಬಾಡಿಗೆ ಸಣ್ಣ ನೀಲಿ ಕಿಡಿ ಹಾರ್ತಿತ್ತು! ಆಫ್ ಮಾಡಿ ಕ್ಯಾಪ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಮಲ್ಟಿಮೀಟರಿನಲ್ಲಿ ಮೇಲಿನ ಕ್ಯಾಪ್ ಸುಮಾರು 5 ಕಿಲೋಓಮ್ ತೋರಿಸಿತು, ಕೆಳಗಿನದು ಪೂರ್ತಿ ಓಪನ್. ಗ್ಯಾರಂಟಿ ಮಾಡ್ಕೊಳ್ಳೋಕೆ ಎರಡು ಕ್ಯಾಪನ್ನೂ ಅದಲು ಬದಲು ಮಾಡಿದ್ವಿ. ಈ ಸಲ ಮೇಲಿನ ಸಿಲಿಂಡರ್ ಸತ್ತಿತು, ಕೆಳಗಿನದು ಎದ್ದಿತು. ದೋಷ ಕ್ಯಾಪಿನ ಜೊತೆಗೇ ಹೋಯ್ತು.

ಸಿಡಿಐ ಬಾಕ್ಸ್ ಮುಟ್ಟಲೇ ಇಲ್ಲ. ಸಣ್ಣ ಕ್ಯಾಪ್ ಒಂದು ಬಂತು, ವೈರಿನ ತುದಿ ಸ್ವಲ್ಪ ಕತ್ತರಿಸಿ ಹೊಸದಾಗಿ ಕೂರಿಸಿದ್ವಿ. ಮರುದಿನ ಚಿಕ್ಕಪ್ಪ ತಕ್ಷಣ ಕಡಲಿಗೆ ಹೋಗಲಿಲ್ಲ. ಹೊಳೆಯಲ್ಲೇ ಒಂದು ಗಂಟೆ ಓಡಿಸಿ, ಪೂರ್ತಿ ಥ್ರಾಟಲ್ ಕೊಟ್ಟು ನೋಡಿ, ಆಮೇಲೆ ಮಾತ್ರ ಅಳಿವೆ ಕಡೆ ತಿರುಗಿಸಿದರು. ರಿಪೇರಿ ಆಯ್ತು ಅಂತ ನಾವು ಹಿಂದಿನ ಸಂಜೆಯೇ ಕುಣಿದಿದ್ವಿ. ಅವರ ಪ್ರಕಾರ ರಿಪೇರಿ ಮುಗಿದಿದ್ದು ಆ ಒಂದು ಗಂಟೆ ಆದಮೇಲೆ.

ನಿಮ್ಮ ಮುಂದೆ ಔಟ್‌ಬೋರ್ಡ್ ಬರದೇ ಇರಬಹುದು. ಬೈಕ್, ಜನರೇಟರ್, ಲ್ಯಾಬಿನ ಸರ್ಕ್ಯೂಟ್ ಏನೇ ಬಂದರೂ ಕ್ರಮ ಇದೇ: ಯಾವುದು ಅಂತ ಹುಡುಕಿ, ಸೇರಿದ್ದನ್ನೂ ಬಿಡಿಯಾದದ್ದನ್ನೂ ಬೇರೆ ಮಾಡಿ, ಅದಲು ಬದಲು ಮಾಡಿ ನೋಡಿ. ಎಲ್ಲಕ್ಕಿಂತ ಮೊದಲು, ಅದನ್ನು ದಿನಾ ಓಡಿಸೋರು ಏನು ಹೇಳ್ತಾರೆ ಅಂತ ಕೇಳಿ. ನಾವು ಮೊದಲನೇ ಸಲವೇ ಕೇಳಿಸಿಕೊಂಡಿದ್ದರೆ ಮಧ್ಯಾಹ್ನದ ಮೀನೂಟ ತಪ್ಪುತ್ತಿರಲಿಲ್ಲ.